ಇಟ್ಟಿಗೆ ದಾಟದ ಕಾರು

ಆ ಭಾನುವಾರ ಬೆಳಿಗ್ಗೆ ಬಿ.ಟಿ.ಎಂ. ಲೇಔಟಿನ ನಮ್ಮ ಓನರ್ ಮನೆಯ ಹಾಲಿನಲ್ಲಿ ನಾವು ನಾಲ್ಕು ಜನ ಸೇರಿದ್ದೆವು. ದಿವಾನದ ಮೇಲೆ ಓನರ್ ಅಂಕಲ್. ನೆಲದ ಮೇಲೆ ಕಾಲು ಚಾಚಿಕೊಂಡು, ಮೊರದ ತುಂಬ ಅವರೆಕಾಯಿ ಸುರಿದುಕೊಂಡು ಸುಲಿಯುತ್ತಿದ್ದ ಅವರ ತಾಯಿ. ಅವರನ್ನು ಇಡೀ ಬೀದಿ ಅಜ್ಜಿ ಎಂದೇ ಕರೆಯುತ್ತಿತ್ತು. ಅಡುಗೆಮನೆಯ ಬಾಗಿಲಿಗೆ ಒರಗಿ, ಒಂದು ಕಿವಿಯನ್ನು ಕುಕ್ಕರಿಗೂ ಇನ್ನೊಂದನ್ನು ನಮ್ಮ ಮಾತಿಗೂ ಕೊಟ್ಟು ನಿಂತಿದ್ದ ಓನರ್ ಆಂಟಿ. ಮತ್ತೆ ನಾನು, ಮೇಲಿನ ಮನೆಯ ಬಾಡಿಗೆಯವಳು. ಗದಗಿನಿಂದ ಬಂದು ಜಯನಗರದ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದೆ. ನಮ್ಮ ಮನೆಯವರಿಗೆ ಭಾನುವಾರವೂ ಡ್ಯೂಟಿ ಇರುತ್ತಿದ್ದುದರಿಂದ ನನ್ನ ಭಾನುವಾರಗಳೆಲ್ಲ ಕೆಳಗಿನ ಮನೆಗೇ ಸೇರಿದ್ದವು. ಆವತ್ತು ನನ್ನನ್ನು ಕರೆಸಿದ್ದು ಇಂಗ್ಲಿಷ್ ಓದಿ ಹೇಳುವುದಕ್ಕೆ. ಟೀಪಾಯಿ ಮೇಲೆ ಕನ್ನಡಿಯಂತೆ ಹೊಳೆಯುವ ಎರಡು ಪುಸ್ತಿಕೆಗಳಿದ್ದವು. ಎರಡರ ಮೇಲೂ ಒಂದೇ ಕಾರಿನ ಚಿತ್ರ: ಎರಡೇ ಸೀಟು, ನೆಲಕ್ಕೆ ಅಂಟಿಕೊಂಡ ಮೈ, ಮೂತಿ ಮುಂದಕ್ಕೆ ಚಾಚಿ ಓಡಲು ಹೊಂಚು ಹಾಕಿದಂಥ ಭಂಗಿ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು, ಅಂಥ ಕಾರುಗಳು ನಮ್ಮ ಕಡೆ ಅಲ್ಲೊಂದು ಇಲ್ಲೊಂದು ಕಾಣಿಸತೊಡಗಿದ್ದವು.

ಈ ಹುಚ್ಚು ಹತ್ತಿದ್ದು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ. ಅಂಕಲ್ ಮಡಿವಾಳದ ಮಾರ್ಕೆಟ್ಟಿನಿಂದ ಬಾಳೆಗೊನೆ ಹೇರಿಕೊಂಡು ತಮ್ಮ ಹಳೇ ವ್ಯಾನಿನಲ್ಲಿ ಬರುತ್ತಿದ್ದಾಗ ಪಕ್ಕದಲ್ಲಿ ಅಂಥದೊಂದು ಹಳದಿ ಕಾರು ಬಂದು ನಿಂತಿತಂತೆ. ಹಸಿರು ದೀಪ ಬಿತ್ತು. ಅಂಕಲ್ ಗೇರು ಹಾಕುವಷ್ಟರಲ್ಲಿ ಆ ಕಾರು ಇದ್ದ ಜಾಗದಲ್ಲಿ ಬರೀ ಸದ್ದು ಉಳಿದಿತ್ತಂತೆ. ಮನೆಗೆ ಬಂದವರು ಬಾಳೆಗೊನೆ ಇಳಿಸುವುದನ್ನೂ ಮರೆತು ಆ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿದರು. ಅರವತ್ತಕ್ಕೆ ಹತ್ತಿರವಾದ ಮನುಷ್ಯ, ಬೀದಿಯ ನಿವಾಸಿಗಳ ಸಂಘದ ಕಾರ್ಯದರ್ಶಿ, ಪೋರ್ಟಿಕೋದಲ್ಲಿ ನಿಂತು ಕೆನ್ನೆ ಉಬ್ಬಿಸಿ ಬುರ್ ಎನ್ನುವುದನ್ನು ನಾನು ಮೇಲಿನ ಬಾಲ್ಕನಿಯಿಂದ ನೋಡಿದ್ದೇನೆ. ಕೊಳ್ಳುವ ಶಕ್ತಿ ಅವರಿಗಿತ್ತು. ಲೇಔಟ್ ಆಗುವ ಮೊದಲು ಇಲ್ಲೆಲ್ಲ ಅವರ ರಾಗಿ ಹೊಲವೇ. ಆ ಲೆಕ್ಕ ಅವರ ಮನೆಯದು, ನಾನು ಕೇಳಿದವಳಲ್ಲ.

ಕೊಳ್ಳುವುದು ನಿಶ್ಚಯವಾಗಿತ್ತು. ಯಾವುದನ್ನು ಎನ್ನುವುದೇ ಆವತ್ತಿನ ಪಂಚಾಯಿತಿ. ಒಂದು ಸಾದಾ ಕಾರು. ಇನ್ನೊಂದು ನೋಡಲು ಅದೇ ಥರ, ಅವೇ ಬಣ್ಣಗಳು, ಆದರೆ ಎಂಜಿನ್ ಬೇರೆ, ಬ್ರೇಕ್ ಬೇರೆ, ಹೆಸರಿನ ಕೊನೆಗೆ ಇಂಗ್ಲಿಷಿನ ಒಂದು ಅಕ್ಷರ ಹೆಚ್ಚು. ಎಷ್ಟು ಕುದುರೆಗಳ ಬಲ ಎಂದು ನಾನು ಎರಡನ್ನೂ ಓದಿ ಹೇಳಿದೆ. ಅಜ್ಜಿ ಸುಲಿಯುವುದನ್ನು ನಿಲ್ಲಿಸಿ ಮಗನನ್ನು ನೋಡಿದರು.

“ಒಂದು ಎಮ್ಮೆ ಕಟ್ಟಾಕೆ ಜಾಗಿಲ್ಲ ಅಂತ ಮಾರ್ದೆ. ಈಗ ಅಷ್ಟು ಕುದ್ರೆ ತತ್ತೀಯೇನ್ಲಾ?”

ಆಂಟಿ ಸೆರಗು ಬಾಯಿಗಿಟ್ಟುಕೊಂಡರು. ಅಂಕಲ್ ನನ್ನತ್ತ ತಿರುಗಿ, ನಿನಗೆ ಯಾವುದು ಸರಿ ಕಾಣುತ್ತದೆ ಎಂದು ಕೇಳಿದರು. ಎರಡೂ ಛಲೋ ಅದಾವ್ರಿ ಅಂಕಲ್ ಎಂದೆ ನಾನು. ಇವಳನ್ನ ಸೊಸೆ ನೋಡೋಕೆ ಕಳಿಸಿದ್ರೂ ಇದೇ ಹೇಳ್ತಾಳೆ ಎಂದು ಆಂಟಿ ಆಡಿಕೊಂಡರು.

ಆದರೆ ಅಂಕಲ್‌ಗೆ ಬೇಕಾದದ್ದು ಯಾವುದು ಎನ್ನುವುದು ಗುಟ್ಟೇನೂ ಆಗಿರಲಿಲ್ಲ. ಸಾದಾ ಕಾರಿನ ಪುಸ್ತಿಕೆ ಇಸ್ತ್ರಿ ಮಾಡಿದಂತೆ ಹೊಸದಾಗಿಯೇ ಇತ್ತು. ಇನ್ನೊಂದರ ಅಂಚುಗಳು ಆಗಲೇ ನಮ್ಮೂರ ಗ್ರಂಥಾಲಯದ ಕಾದಂಬರಿಯಂತೆ ಮೆತ್ತಗಾಗಿದ್ದವು. ಯಾಕೆ ಅಂತ ಆಂಟಿ ನನಗೆ ಹಿಂದೊಮ್ಮೆ ಹೇಳಿದ್ದರು. ಆ ಮನೆಯಲ್ಲಿ ಅಜ್ಜಿಯ ಮತ್ತು ಆಗ ಬದುಕಿದ್ದ ಅವರ ಯಜಮಾನರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತಿತ್ತಂತೆ: ಸಾಕಲ್ವಾ. ಓರಗೆಯವರಿಗೆಲ್ಲ ಡೈನಮೊ ದೀಪದ ಸೈಕಲ್ ಬಂದರೆ ಇವರಿಗೆ ದೀಪವಿಲ್ಲದ್ದು. ಕತ್ತಲಾಗೋದ್ರೊಳಗೆ ಮನೆ ಸೇರಿದ್ರೆ ಸಾಕಲ್ವಾ. ಅವರೆಲ್ಲ ಗುಡುಗುಡು ಎನ್ನುವ ಮೋಟರ್ ಸೈಕಲ್ ಕೊಂಡಾಗ ಇವರಿಗೆ ಮೊಪೆಡ್ಡು. ಮಾರ್ಕೆಟ್ಟಿಗೆ ಸೊಪ್ಪು ಹಾಕೋಕೆ ಸಾಕಲ್ವಾ. ಮದುವೆಯಲ್ಲಿ ಮಾವನ ಮನೆಯವರು ಕಟ್ಟಿದ ಗಡಿಯಾರದಲ್ಲೂ ತಾರೀಖು ತೋರಿಸುವ ಕಿಂಡಿ ಇರಲಿಲ್ಲವಂತೆ. ಗೋಡೆ ಮೇಲೆ ಕ್ಯಾಲೆಂಡರ್ ಇರುತ್ತಲ್ಲ, ಸಾಕಲ್ವಾ. ಕೆಟ್ಟ ಮಾತೇನಲ್ಲ ಅದು, ಆ ಮಾತಿನಿಂದಲೇ ಆ ಮನೆ ಎದ್ದು ನಿಂತಿದ್ದು. ಆದರೆ ಈ ಮನುಷ್ಯ ಬದುಕಿನುದ್ದಕ್ಕೂ ಎರಡರಲ್ಲಿ ಸಾದಾದನ್ನೇ ತೆಗೆದುಕೊಂಡು ಬಂದಿದ್ದರು. ಈ ಒಂದು ಸಲ ಇನ್ನೊಂದನ್ನು ತೆಗೆದುಕೊಳ್ಳುತ್ತಾರೋ ಇಲ್ಲವೋ ಎನ್ನುವುದೇ ಆ ಟೀಪಾಯಿ ಮೇಲೆ ಕೂತಿತ್ತು.

ನಾನು ಓದುತ್ತಾ ಹೋದೆ. ಚಕ್ರದ ಅಳತೆ, ಟ್ಯಾಂಕಿನ ಅಳತೆ. ಆಮೇಲೆ ನೆಲಕ್ಕೂ ಕಾರಿನ ಹೊಟ್ಟೆಗೂ ಇರುವ ಅಂತರ. ಅಕ್ಷರ ಹೆಚ್ಚಿರುವ ಕಾರು ಸಾದಾದಕ್ಕಿಂತ ಸುಮಾರು ಒಂದು ಬೆರಳಿನಷ್ಟು ಕೆಳಗೆ ಕೂರುತ್ತದೆ, ವೇಗದಲ್ಲಿ ಅಲುಗಾಡದಿರಲಿ ಅಂತ ಹಾಗೆ ಮಾಡಿದ್ದಾರೆ ಎಂದೆ.

ಆಂಟಿ ನಿಧಾನವಾಗಿ ಕಿಟಕಿಯ ಕಡೆ ತಿರುಗಿದರು. ಅಂಕಲ್ ತಿರುಗಿದರು. ನಾನೂ ತಿರುಗಿದೆ. ಕಿಟಕಿಯಾಚೆ ಗೇಟು, ಗೇಟಿನಾಚೆ ರಸ್ತೆ, ರಸ್ತೆಯ ನಡುವೆ ಬಿಸಿಲಿಗೆ ಬೆನ್ನು ಕಾಯಿಸಿಕೊಂಡು ಮಲಗಿದ ಎಮ್ಮೆಯ ಹಾಗೆ ನಮ್ಮ ಬೀದಿಯ ಹಂಪು.

ಆ ಹಂಪಿನ ಕತೆ ಹೇಳದೆ ಮುಂದೆ ಹೋಗುವಂತಿಲ್ಲ. ತೊಂಬತ್ತರ ದಶಕದ ಕೊನೆಗೆ ನಮ್ಮ ರಸ್ತೆಗೆ ಹೊಸ ಟಾರು ಬಿದ್ದಿತ್ತಂತೆ. ಟಾರು ಬಿದ್ದದ್ದೇ ತಡ, ಬೈಕಿನ ಹುಡುಗರು ಅದನ್ನು ರೇಸ್ ಮೈದಾನ ಮಾಡಿಕೊಂಡರು. ಅಂಕಲ್ ನಿವಾಸಿಗಳ ಸಂಘದಲ್ಲಿ ಎದ್ದು ನಿಂತು, ಮಕ್ಕಳ ಪ್ರಾಣ ಮುಖ್ಯವೋ ನಿಮ್ಮ ಆತುರ ಮುಖ್ಯವೋ ಎಂದು ಭಾಷಣ ಮಾಡಿದರು. ಕಾರ್ಪೊರೇಷನ್ನಿನವರು ಹಂಪು ಹಾಕಿಕೊಡುವವರೆಗೆ ಕಾಯಲೂ ಇಲ್ಲ. ಪಕ್ಕದ ರಸ್ತೆಗೆ ಟಾರು ಹಾಕುತ್ತಿದ್ದ ಕೆಲಸದವರನ್ನು ಕರೆದು, ಬೋಂಡ ಕಾಫಿ ಕೊಟ್ಟು, ಉಳಿದ ಟಾರನ್ನೆಲ್ಲ ತಮ್ಮ ಮನೆ ಮುಂದೆ ಸುರಿಸಿ, ತಾವೇ ನಿಂತು ಹೊಡೆಸಿದರು. ಬೋಂಡ ಚೆನ್ನಾಗಿತ್ತೋ ಏನೋ, ಹಂಪು ಬೇಕಾದ್ದಕ್ಕಿಂತ ಎತ್ತರವೇ ಎದ್ದಿತು. ಅದರ ಮೇಲೆ ಹಾರಿ ಬಂದ ಆಟೋಗಳ ಒಳಗಿದ್ದವರು ತಲೆ ಸವರಿಕೊಂಡೇ ಇಳಿಯುತ್ತಿದ್ದರು. ನಮ್ಮ ವಿಳಾಸಕ್ಕೆ ಮನೆ ನಂಬರೇ ಬೇಕಿರಲಿಲ್ಲ. ದೊಡ್ಡ ಹಂಪಿನ ಮನೆ ಎಂದರೆ ಗ್ಯಾಸಿನವರೂ ಬರುತ್ತಿದ್ದರು, ನೆಂಟರೂ ಬರುತ್ತಿದ್ದರು. ಆ ಹಂಪಿನ ಮೇಲೆ ಅಂಕಲ್‌ಗೆ ಇದ್ದ ಅಭಿಮಾನ ತಮ್ಮ ಮೂರಂತಸ್ತಿನ ಮನೆಯ ಮೇಲೂ ಇರಲಿಲ್ಲ.

ಈಗ ಅದೇ ಹಂಪು ಅವರ ಕನಸಿನ ದಾರಿಗೆ ಅಡ್ಡ ಮಲಗಿತ್ತು.

ಅಳೆದು ನೋಡೋಣ ಎಂದರು ಅಂಕಲ್. ಟೇಪು ಹುಡುಕಿದರೆ ಸಿಗಲಿಲ್ಲ. ಮನೆ ಕಟ್ಟಿದಾಗ ಉಳಿದ ಇಟ್ಟಿಗೆಗಳು ಹಿತ್ತಲಲ್ಲಿದ್ದವು, ಒಂದನ್ನು ಎತ್ತಿಕೊಂಡು ರಸ್ತೆಗೆ ಇಳಿದೆವು. ಹಂಪಿನ ನೆತ್ತಿಯ ಮೇಲೆ ಉದ್ದನೆಯ ಮರದ ಪಟ್ಟಿಯೊಂದನ್ನು ಮಟ್ಟವಾಗಿ ಹಿಡಿದು ನಾನು ಕೂತೆ. ಪಟ್ಟಿಯ ಇನ್ನೊಂದು ತುದಿಯ ಕೆಳಗೆ ಅಂಕಲ್ ಇಟ್ಟಿಗೆಯನ್ನು ತೂರಿಸಿ ನೋಡಿದರು. ಮಲಗಿಸಿದರೆ ಕಮ್ಮಿ, ನಿಲ್ಲಿಸಿದರೆ ವಿಪರೀತ, ಮಗ್ಗುಲಾಗಿಟ್ಟರೆ ಕರಾರುವಾಕ್ಕಾಗಿ ಸಮ. ಅಷ್ಟು ಹೊತ್ತಿಗೆ ಎದುರು ಮನೆಯ ಆಂಟಿ, ಮೂಲೆ ಮನೆಯ ರಿಟೈರ್ಡ್ ಸಾರ್ ಎಲ್ಲ ಗೇಟಿಗೆ ಬಂದು ನಿಂತಿದ್ದರು. ಇಟ್ಟಿಗೆ ಕಂಡು ಅವರಿಗೆ ಬಹಳ ಸಂತೋಷವಾಯಿತು. “ಇನ್ನೂ ಎತ್ತರ ಮಾಡಿಸ್ತಿದೀರಾ ಸಾರ್? ಒಳ್ಳೇ ಕೆಲಸ. ಆ ಹಾಲಿನ ವ್ಯಾನಿನವನು ಈಗಲೂ ಸ್ಪೀಡಾಗೇ ಬರ್ತಾನೆ” ಎಂದರು ರಿಟೈರ್ಡ್ ಸಾರ್. ಅಂಕಲ್ ಹೌದೂ ಅಲ್ಲ, ಇಲ್ಲವೂ ಅಲ್ಲ ಎನ್ನುವಂತೆ ತಲೆಯಾಡಿಸಿ ಇಟ್ಟಿಗೆ ಎತ್ತಿಕೊಂಡು ಒಳಗೆ ಬಂದರು. ನನಗೆ ನಗು ತಡೆಯಲಾರದೆ ಮೆಟ್ಟಿಲ ಕೆಳಗೆ ಹೋಗಿ ನಿಂತೆ.

ಮುಂದಿನ ಶನಿವಾರ, ಬಾಳೆಗೊನೆಯ ವ್ಯಾನು ಬೇಡವೆಂದು ಆಟೋದಲ್ಲಿ ಷೋರೂಮಿಗೆ ಹೊರಟೆವು. ಅಂಕಲ್ ಸಫಾರಿ ಹಾಕಿದ್ದರು. ಆಂಟಿ ರೇಷ್ಮೆ ಸೀರೆ ಉಟ್ಟು, ಮುಡಿ ತುಂಬ ಕನಕಾಂಬರ ಮುಡಿದಿದ್ದರು. ಅಜ್ಜಿ, ಸಾದಾದು ತಗೊಳ್ಳೋಕೆ ನೋಡೋದೇನೈತೆ ಎಂದು ಮನೆಯಲ್ಲೇ ಉಳಿದರು. ನನ್ನ ತೊಡೆಯ ಮೇಲೆ ಇಟ್ಟಿಗೆ. ಬರೀ ಇಟ್ಟಿಗೆ ಹಿಡಿದು ಅಂಥ ಜಾಗಕ್ಕೆ ಹೋಗುವುದು ಹೇಗೆ ಎಂದು ಆಂಟಿ ಅದನ್ನು ಒಂದು ಹೊಸ ರವಿಕೆ ಕಣದಲ್ಲಿ ಸುತ್ತಿದ್ದರು. ಕೈಗೆ ಸಿಕ್ಕಿದ್ದು ಹಳದಿ ಬಟ್ಟೆಗೆ ಕೆಂಪು ಅಂಚಿನದು.

ಷೋರೂಮಿನಲ್ಲಿ ಟೈ ಕಟ್ಟಿದ ಸೇಲ್ಸ್‌ನವರು ನಮ್ಮನ್ನು ಬಹಳ ಮರ್ಯಾದೆಯಿಂದ ಒಳಗೆ ಕರೆದುಕೊಂಡರು. ಎರಡು ಕಾರೂ ಅಕ್ಕಪಕ್ಕ ನಿಂತಿದ್ದವು, ಒಂದು ಬೆಳ್ಳಿ ಬಣ್ಣ, ಒಂದು ಕೆಂಪು. ಕೆಂಪಿನದೇ ಅಕ್ಷರ ಹೆಚ್ಚಿನದು. ಅವರು ಎಂಜಿನ್ ವಿಷಯ ಶುರು ಮಾಡುತ್ತಿದ್ದಂತೆ ಅಂಕಲ್, ಅದೆಲ್ಲ ಆಮೇಲೆ ಎಂದು ಹೇಳಿ ನನ್ನ ಕಡೆ ಕೈ ಚಾಚಿದರು. ನಾನು ಗಂಟನ್ನು ಎರಡೂ ಕೈಯಲ್ಲಿ ಕೊಟ್ಟೆ. ಅಂಕಲ್ ಚಪ್ಪಲಿ ಬಿಟ್ಟು, ನೆಲಕ್ಕೆ ಮಂಡಿ ಊರಿ, ಹಳದಿ ಬಟ್ಟೆಯ ಗಂಟನ್ನು ಬೆಳ್ಳಿ ಕಾರಿನ ಮುಂದೆ ಇಟ್ಟರು. ಅವರು ಚಪ್ಪಲಿ ಬಿಟ್ಟದ್ದು ಮಂಡಿ ಊರಲು ಅನುಕೂಲವಾಗಲಿ ಅಂತ. ಆದರೆ ಸೇಲ್ಸ್‌ನವರು ಅದನ್ನು ನೋಡಿದ್ದೇ ತಾವೂ ಬೂಟು ಕಳಚಿ ಬದಿಗೆ ಸರಿಸಿ, ಕೈಮುಗಿದು ನಿಂತುಬಿಟ್ಟರು. ಬಾಗಿಲಲ್ಲಿದ್ದ ಸೆಕ್ಯೂರಿಟಿಯವನು ಟೋಪಿ ತೆಗೆದ.

ಅಂಕಲ್ ಗಂಟನ್ನು ಮಗ್ಗುಲಾಗಿ ನಿಲ್ಲಿಸಿ ಕಾರಿನ ಹೊಟ್ಟೆಯ ಕೆಳಗೆ ಮೆಲ್ಲಗೆ ತಳ್ಳುತ್ತಾ ಹೋದರು. ಸೇಲ್ಸ್‌ನವರು ಆಂಟಿಯ ಪಕ್ಕಕ್ಕೆ ಬಂದು ಪಿಸುಮಾತಿನಲ್ಲಿ ಹೇಳಿದರು: “ಮೇಡಂ, ಪೂಜೆ ಆಗ್ಲಿ, ಬೇಡ ಅನ್ನಲ್ಲ. ಕಾಯಿ ಒಡೆಯೋದು ಮಾತ್ರ ಹೊರಗಿಟ್ಕೊಳ್ಳೋಣ. ಟೈಲ್ಸ್ ಹೊಸದು.”

ಆಂಟಿ ಗಂಭೀರವಾಗಿ ಆಗಲಿ ಎಂದರು. ನಗು ತಡೆದು ತಡೆದು ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು.

ಗಂಟು ಬೆಳ್ಳಿ ಕಾರಿನ ಕೆಳಗೆ ನುಸುಳಿ ಆಚೆ ಬದಿಯಿಂದ ಹೊರಗೆ ಬಂತು. ಅಂಕಲ್ ಅದನ್ನು ಎತ್ತಿ ಕೆಂಪು ಕಾರಿನ ಮುಂದೆ ಇಟ್ಟರು. ಅಲ್ಲಿ ಅವರ ಕೈ ಇನ್ನೂ ನಿಧಾನವಾಯಿತು. ಒಂದು ಗೇಣು ಹೋಯಿತು, ಇನ್ನೊಂದು ಗೇಣು ಹೋಯಿತು. ಆಮೇಲೆ ನಿಂತಿತು. ಇನ್ನೊಂದು ಮೂಲೆಯಿಂದ ಪ್ರಯತ್ನಪಟ್ಟರು, ಅಲ್ಲಿಯೂ ನಿಂತಿತು. ಬಟ್ಟೆಯ ದಪ್ಪವೂ ಸೇರಿರುತ್ತದೆ ಎಂದು ಗಂಟು ಬಿಚ್ಚಿ ಬರೀ ಇಟ್ಟಿಗೆ ಹಿಡಿದರು. ಆಗ ಸೇಲ್ಸ್‌ನವರಿಗೆ ಒಳಗಿದ್ದದ್ದು ಏನೆಂದು ಕಂಡಿತು. ಅವರು ಮುಗಿದ ಕೈ ಇಳಿಸಲೋ ಬೇಡವೋ ಎಂದು ತಿಳಿಯದೆ ಹಾಗೇ ನಿಂತರು. ಬರೀ ಇಟ್ಟಿಗೆಯೂ ಹೋಗಲಿಲ್ಲ. ಅಂಕಲ್ ಎದ್ದು, ಮಂಡಿ ಒರೆಸಿಕೊಂಡು, ಕೆಂಪು ಕಾರಿನ ಮೂತಿಯನ್ನು ಎರಡು ಸಲ ತಟ್ಟಿದರು, ಪರರ ಮನೆಯ ಎತ್ತನ್ನು ತಟ್ಟುವ ಹಾಗೆ.

ವಿಷಯ ತಿಳಿದ ಮೇಲೆ ಸೇಲ್ಸ್‌ನವರು ಬೂಟು ಹಾಕಿಕೊಂಡು, ಬಂದದ್ದಕ್ಕೆ ಎರಡನ್ನೂ ಓಡಿಸಿ ನೋಡಿ ಸಾರ್ ಎಂದರು. ಅಂಕಲ್ ಮೊದಲು ಬೆಳ್ಳಿ ಕಾರಿನಲ್ಲಿ ಹೋಗಿ ಬಂದರು. ಇಳಿದು, ಚೆನ್ನಾಗಿದೆ ಎಂದರು. ಮದುವೆ ಮನೆಯಲ್ಲಿ ಉಪ್ಪಿಟ್ಟು ಹೇಗಿದೆ ಎಂದು ಕೇಳಿದರೆ ಹೇಳುತ್ತಾರಲ್ಲ, ಅಂಥ ಚೆನ್ನಾಗಿದೆ. ಆಮೇಲೆ ಕೆಂಪು ಕಾರಿನಲ್ಲಿ ಹೋದರು. ಬರುವಾಗ ಮೊದಲು ಸದ್ದು ಬಂತು, ಆಮೇಲೆ ಕಾರು ಬಂತು, ಎಂಜಿನ್ ಆರಿಸಿದ ಎಷ್ಟೋ ಹೊತ್ತಿನ ಮೇಲೆ ಅಂಕಲ್ ಇಳಿದರು. ಬಾಚಿದ ಕೂದಲು ಹಾಗೇ ಇತ್ತು, ಗಾಜು ಏರಿಸಿದ ಕಾರದು. ಆದರೆ ಮುಖ ಮಾತ್ರ ಗಾಳಿಗೆ ಸಿಕ್ಕಿ ಬಂದಂತೆ ಕೆದರಿತ್ತು. ಹೇಗಿತ್ತು ಎಂದು ಕೇಳಿದರೆ ಒಂದು ಕೈಯನ್ನು ಮುಂದಕ್ಕೆ ಬೀಸಿ ತೋರಿಸಿದರು.

ಆಗ ಆಂಟಿ ಮುಂದೆ ಬಂದು, ನನ್ನನ್ನೂ ಅದರಲ್ಲಿ ಒಂದು ರೌಂಡ್ ಕೂರಿಸ್ತೀಯೇನಪ್ಪ ಎಂದು ಸೇಲ್ಸ್‌ನವರನ್ನು ಕೇಳಿದರು. ಅವರು ಒಪ್ಪಿದರು. ಆಂಟಿ ಒಳಗೆ ಕೂರುವುದೇ ಒಂದು ಕೆಲಸವಾಯಿತು, ಸೀಟು ಅಷ್ಟು ಕೆಳಗಿತ್ತು. ಒಂದು ಕೈಯಲ್ಲಿ ತಾಳಿ, ಇನ್ನೊಂದರಲ್ಲಿ ಬಾಗಿಲ ಹಿಡಿ ಹಿಡಿದು ಹೋದರು. ಬಂದಾಗ ನಗುತ್ತಿದ್ದರು. ಸಣ್ಣ ನಗುವಲ್ಲ, ಹೊಟ್ಟೆ ಹಿಡಿದುಕೊಳ್ಳುವ, ಉಸಿರು ಸಿಗದ ನಗು. ಕನಕಾಂಬರ ಕಿವಿಯ ಮೇಲೆ ಇಳಿದುಬಿದ್ದಿತ್ತು. ಇಳಿಯಲು ಹೋದರೆ ಏಳಲಾಗಲಿಲ್ಲ. ಒಂದು ಕೈಯನ್ನು ನಾನು, ಇನ್ನೊಂದನ್ನು ಅಂಕಲ್ ಹಿಡಿದು ಎಳೆದೆವು. ಅವರು ಅರ್ಧ ಎದ್ದು, ನಕ್ಕು, ಮತ್ತೆ ಒಳಗೆ ಬಿದ್ದರು. ನಾನೂ ನಗುತ್ತಾ ಹಿಡಿತ ಬಿಟ್ಟೆ. ಅಂಕಲ್ ನಗಬಾರದೆಂದು ತುಟಿ ಬಿಗಿಹಿಡಿದು ನೋಡಿ, ಕೊನೆಗೆ ಕಾರಿನ ಮೇಲೆ ಕೈಯೂರಿ ನಕ್ಕರು. ಸೆಕ್ಯೂರಿಟಿಯವನು ಓಡಿ ಬಂದು ಸಹಾಯ ಮಾಡಬೇಕಾಯಿತು. ಮಡಿವಾಳ ದಾಟುವವರೆಗೂ ಆಟೋದಲ್ಲಿ ಆಂಟಿ ಬಿಟ್ಟು ಬಿಟ್ಟು ನಗುತ್ತಲೇ ಇದ್ದರು. ಆಟೋದವನು ಕನ್ನಡಿಯಲ್ಲಿ ನೋಡಿ ನೋಡಿ ತಾನೂ ನಗಲು ಶುರು ಮಾಡಿದ.

ಇಷ್ಟಾಗಿಯೂ ಇಟ್ಟಿಗೆ ಹೇಳಿದ್ದು ಸುಳ್ಳಾಗಲಿಲ್ಲ. ಅಂಕಲ್ ಐದಾರು ದಿನ ಬೆಳಿಗ್ಗೆ ಪೇಪರ್ ಹಿಡಿದು ಗೇಟಿನಲ್ಲಿ ನಿಂತರೆ ಕಣ್ಣು ಪೇಪರಿನಲ್ಲಿರುತ್ತಿರಲಿಲ್ಲ, ಹಂಪಿನ ಮೇಲಿರುತ್ತಿತ್ತು. ಒಂದು ಸಂಜೆ ನಾನು ಪಾತ್ರೆ ವಾಪಸು ಕೊಡಲು ಕೆಳಗೆ ಹೋದಾಗ ಮೂವರೂ ಊಟಕ್ಕೆ ಕೂತಿದ್ದರು, ಮುದ್ದೆ, ಹಿತಕಿದ ಬೇಳೆ ಸಾರು. ಅಂಕಲ್ ಮುದ್ದೆ ಮುರಿಯುತ್ತಾ, ತಟ್ಟೆಗೇ ಹೇಳುವವರಂತೆ ಹೇಳಿದರು.

“ಸಾದಾದೇ ತಗೊಳ್ಳೋಣ ಬಿಡು. ನಮಗೇನು ರೇಸಿಗೆ ಹೋಗ್ಬೇಕಾ. ಅಷ್ಟು ಸಾಕು.”

ಅಜ್ಜಿ, ಈಗ ನೋಡು ಬುದ್ಧಿ ಬಂತು ಎನ್ನುವಂತೆ ಸಾರು ಸುರಿದರು. ಆಂಟಿ ಮಾತ್ರ ಸೌಟು ಕೆಳಗಿಟ್ಟರು.

“ನೋಡ್ರೀ, ನಿಮಗೆ ಸಾಕು ಅಂತ ಎಲ್ಲಾರೂ ಹೇಳಿದಾರೆ. ನಿಮ್ಮಪ್ಪ ಹೇಳಿದ್ರು, ಅತ್ತೆ ಹೇಳಿದ್ರು, ನಮ್ಮಪ್ಪನೂ ಗಡಿಯಾರ ಕಟ್ಟಿ ಹೇಳಿದ್ರು. ನಾನೂ ಎಷ್ಟೋ ಸಲ ಹೇಳಿದೀನಿ. ಇದಕ್ಕೆ ಮಾತ್ರ ನಾನು ಹೇಳಲ್ಲ.”

“ಹಂಪ್ ದಾಟಲ್ವಲ್ಲೇ.”

“ದಾಟದೇ ಇದ್ರೆ ಬೇಡ. ಕಾರು ಮನೆಗೆ ಬರ್ದಿದ್ರೆ ನಾವೇ ಕಾರಿದ್ದ ಕಡೆ ಹೋದ್ರಾಯ್ತು. ಅದಕ್ಕೇನು ಕಾಲಿಲ್ವಾ ನಮಗೆ?”

ಅಂಕಲ್ ಮುದ್ದೆ ಹಿಡಿದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿ ಹೆಂಡತಿಯನ್ನು ನೋಡಿದರು. ಅಜ್ಜಿ ಸೊಸೆಯನ್ನು ನೋಡಿದರು, ಮಗನನ್ನು ನೋಡಿದರು, ಇಬ್ಬರಿಗೂ ಒಟ್ಟಿಗೇ ತಲೆ ಕೆಟ್ಟಿತು ಎಂದು ನನಗೆ ಹೇಳಿದರು.

ಮಾರನೆಯ ದಿನ ಅಂಕಲ್ ಕೆಂಪು ಕಾರಿಗೆ ಬುಕ್ ಮಾಡಿ ಬಂದರು.

ಕಾರು ಬರುವುದರೊಳಗೆ ಹಂಪನ್ನು ಕೊಂಚ ಕೆತ್ತಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವ ಆಸೆ ಅವರಿಗಿನ್ನೂ ಇತ್ತು. ಒಂದು ಪದರ, ಒಂದು ಬೆರಳಷ್ಟು. ಮನೆಮನೆಗೂ ಹೋಗಿ ಕೇಳಿದರು. ಆದರೆ ಅವರ ಭಾಷಣವನ್ನು ಅವರೇ ಮರೆತಿದ್ದರು, ಬೀದಿ ಮರೆತಿರಲಿಲ್ಲ. ಎದುರು ಮನೆ ಆಂಟಿ, ನೀವೇ ಹೇಳಿದ್ರಲ್ಲ ಅಂಕಲ್, ಮಕ್ಕಳ ಪ್ರಾಣ ಮುಖ್ಯ ಅಂತ ಎಂದರು. ಇನ್ನೊಬ್ಬರು, ಆತುರ ಯಾಕೆ ಸಾರ್ ಎಂದರು, ಅದೂ ಅವರದೇ ಭಾಷಣದ ಮಾತು. ರಿಟೈರ್ಡ್ ಸಾರ್ ಅಂತೂ ಕೂರಿಸಿ, ಕಾಫಿ ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡರು. “ಸಾರ್, ನಮ್ಮ ಬೀದಿಗೆ ಆ ಹಂಪ್ ತಂದುಕೊಟ್ಟೋರು ನೀವು. ಅದನ್ನ ಯಾರಾದ್ರೂ ಮುಟ್ಟಿದ್ರೆ ನಾನು ಸುಮ್ಮನಿರಲ್ಲ” ಎಂದು ಅವರಿಗೇ ಧೈರ್ಯ ಹೇಳಿ ಕಳಿಸಿದರು. ಅಂಕಲ್ ಬಂದು ದಿವಾನದ ಮೇಲೆ ಕೂತು, ಬೀದಿಯವರು ಎಷ್ಟು ಒಳ್ಳೆಯವರು ಅಂತ ಗೊತ್ತಾಯ್ತು ಎಂದರು. ಆಂಟಿ ಮತ್ತೆ ಸೆರಗನ್ನು ಬಾಯಿಗಿಟ್ಟುಕೊಂಡರು.

ಕೊನೆಗೆ ಕಾರಿಗೆ ಜಾಗ ಸಿಕ್ಕಿದ್ದು ಗಿರಿನಗರದಲ್ಲಿ. ಅಲ್ಲಿ ಆಂಟಿಯ ತಮ್ಮನ ಮನೆಯ ಪೋರ್ಟಿಕೋ ಖಾಲಿ ಇತ್ತು. ಅಂಕಲ್ ಬರೀ ಮಾತಿಗೆ ನಂಬಲಿಲ್ಲ. ನನ್ನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಇಟ್ಟಿಗೆ ಸಮೇತ ಹೋಗಿ, ಆ ಪೋರ್ಟಿಕೋದಿಂದ ರಿಂಗ್ ರೋಡಿನವರೆಗೆ ಸಿಕ್ಕಿದ ಪ್ರತಿ ಉಬ್ಬಿನ ಪಕ್ಕದಲ್ಲೂ ಇಟ್ಟು ನೋಡಿದರು. ಒಂದೂ ಅದರ ಸಮಕ್ಕೆ ಬರಲಿಲ್ಲ, ಎಲ್ಲವೂ ಎರಡು ಬೆರಳು ಕೆಳಗೇ ಇದ್ದವು. ಅಲ್ಲಿನವರು ನಮ್ಮನ್ನು ಕಾರ್ಪೊರೇಷನ್ನಿನವರು ಎಂದುಕೊಂಡು ಚರಂಡಿ ಕಟ್ಟಿರುವುದನ್ನೆಲ್ಲ ಹೇಳಿಕೊಂಡರು. ಅಂಕಲ್ ಸಂಘದ ಕಾರ್ಯದರ್ಶಿಯ ಗತ್ತಿನಲ್ಲಿ ಕೇಳಿಸಿಕೊಂಡು, ನೋಡೋಣ ಎಂದರು.

ಯುಗಾದಿ ಮುಗಿದ ಮೇಲೆ ಕಾರು ಬಂತು. ಬನಶಂಕರಿ ದೇವಸ್ಥಾನದ ಮುಂದೆ ಪೂಜೆ. ಬೂದುಗುಂಬಳ ಒಡೆದು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಮೂತಿಗೆ ಹಾರ ಹಾಕಿದರೆ ಹಾರ ನೆಲ ಗುಡಿಸುತ್ತಿತ್ತು, ಅರ್ಧಕ್ಕೆ ಗಂಟು ಹಾಕಬೇಕಾಯಿತು. ಎರಡೇ ಸೀಟಾದ್ದರಿಂದ ಸರದಿಯ ಪ್ರಕಾರ ಸುತ್ತು. ಮೊದಲು ಅಜ್ಜಿ. ಹೋಗಿ ಬಂದು, ನೆಲ ಕಾಣದಷ್ಟು ಓಡ್ತೈತೆ, ನೋಡಾಕೇನೂ ಇಲ್ಲ ಎಂದು ತೀರ್ಪು ಕೊಟ್ಟರು. ಆಮೇಲೆ ಆಂಟಿ. ಕೊನೆಗೆ ನಾನು. ಕನಕಪುರ ರಸ್ತೆಯಲ್ಲಿ ಆಗಿನ್ನೂ ಮರಗಳಿದ್ದವು. ಊರು ದಾಟಿ ರಸ್ತೆ ಖಾಲಿಯಾದ ಕಡೆ ಅಂಕಲ್ ಒಮ್ಮೆ ನನ್ನ ಕಡೆ ನೋಡಿ, ಹಿಡ್ಕೋ ಎಂದರು. ಬೆನ್ನು ಸೀಟಿಗೆ ಅಂಟಿತು, ಹೊಟ್ಟೆ ಎಲ್ಲೋ ಹಿಂದೆ ಉಳಿಯಿತು, ಮರಗಳೆಲ್ಲ ಒಂದೇ ಹಸಿರು ಗೋಡೆಯಾದವು. ಗದಗಿನ ನಮ್ಮ ಸ್ವಂತ ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ಗಂಧರ್ವರು ಹೀಗೇ ಹೋಗುತ್ತಿದ್ದರು. ನಾನು ಕಿರುಚಿದೆನೋ ನಕ್ಕೆನೋ ತಿಳಿಯದು. ಅಂಕಲ್ ಆ ಸದ್ದಿನ ನಡುವೆ, ದೀಪವಿಲ್ಲದ ಸೈಕಲ್ಲಿನ ಹುಡುಗನ ದನಿಯಲ್ಲಿ, ಹೆಂಗೆ ಎಂದು ಕೇಳಿದರು. ಭಾರೀ ಐತ್ರಿ ಎಂದೆ.

ಅಲ್ಲಿಂದ ಪ್ರತಿ ಭಾನುವಾರ ಗಂಡ ಹೆಂಡತಿ ಇಬ್ಬರೂ ಸ್ನಾನ ಮುಗಿಸಿ, ಹೊಸ ಬಟ್ಟೆ ಹಾಕಿ, ಆಟೋ ಹಿಡಿದು ಕಾರಿನ ಹತ್ತಿರ ಹೊರಡುತ್ತಿದ್ದರು. ಎಲ್ಲಿಗೆ ಸಾರ್ ಎಂದು ಕೇಳಿದ ಆಟೋದವನಿಗೆ, ಕಾರ್ ಓಡ್ಸೋಕೆ ಎಂದು ಅಂಕಲ್ ನಿಜವನ್ನೇ ಹೇಳುತ್ತಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರಿಬ್ಬರೇ ಜೊತೆಯಾಗಿ ಎಲ್ಲಿಗೂ ಹೋದದ್ದನ್ನು ನೋಡಿಲ್ಲ ಎಂದು ಬೀದಿ ಮಾತಾಡಿಕೊಂಡಿತು. ವಾರಕ್ಕೊಮ್ಮೆ ನೋಡಿಬರೋಕೆ ಅದೇನು ಹಾಸ್ಟೆಲ್‌ನಲ್ಲಿರೋ ಮಗುವೇನ್ಲಾ ಎಂದು ಅಜ್ಜಿ ಛೇಡಿಸಿದರು. ಮುಂದೆ ಬುಧವಾರವೂ ಹೋಗುವುದು ಶುರುವಾಯಿತು, ಧೂಳು ಒರೆಸಲು. ಆಮೇಲೆ ಶುಕ್ರವಾರ, ಊದುಬತ್ತಿ ಬೆಳಗಲು. ಮಳೆ ಹಿಡಿದ ಒಂದು ದಿನ, ಪೋರ್ಟಿಕೋಗೆ ಎರಚಲು ಹೊಡೆಯುತ್ತೋ ಏನೋ ಎಂದು ಅಂಕಲ್ ಛತ್ರಿ ಹಿಡಿದು ಬಸ್ಸಿನಲ್ಲಿ ಹೋದರು. ಆಂಟಿಯ ತಮ್ಮ ಮರ್ಯಾದಸ್ತರು, ಏನೂ ಅನ್ನಲಿಲ್ಲ. ಆದರೆ ಪಕ್ಕದ ಮನೆ ಖಾಲಿಯಾಗಿ ಗೇಟಿಗೆ ಟು-ಲೆಟ್ ಬೋರ್ಡು ಬಿದ್ದಾಗ ಮೊದಲು ಫೋನ್ ಮಾಡಿದ್ದು ಅವರೇ.

ಆಷಾಢ ಕಳೆದ ಮೇಲೆ ಒಂದು ಒಳ್ಳೆಯ ದಿನ ನೋಡಿ ನಮ್ಮ ಓನರ್ ಮನೆಯವರು ಮೂರಂತಸ್ತಿನ ಸ್ವಂತ ಮನೆ ಬಿಟ್ಟು ಗಿರಿನಗರಕ್ಕೆ ಬಾಡಿಗೆಗೆ ಹೋದರು. ಎರಡು ಟೆಂಪೊ ಸಾಮಾನು. ಅಜ್ಜಿ ಮುಂದಿನ ಸೀಟಿನಲ್ಲಿ ದೇವರ ಪೆಟ್ಟಿಗೆ ಹಿಡಿದು ಕೂತರು. ನಾನು ಆಫೀಸಿಗೆ ರಜೆ ಹಾಕಿ ಹಾಲು ಉಕ್ಕಿಸಲು ಜೊತೆಗೆ ಹೋದೆ. ಸಂಜೆ ಆ ಮನೆಯ ಓನರ್ ಬಂದು, ಗೋಡೆಗೆ ಮೊಳೆ ಹೊಡೆಯಬಾರದು, ಮೋಟರ್ ಬೆಳಿಗ್ಗೆ ಮಾತ್ರ ಹಾಕಬೇಕು ಎಂದು ಹೇಳಿದರು. ಅಂಕಲ್ ಕೈ ಕಟ್ಟಿ ನಿಂತು, ಆಗಲಿ ಸಾರ್ ಎಂದರು.